ಕೊಂಡಿಯೊಳಗಿನ ಕೊಂಡಿ

ಈ ದಾರವೂ ಕೊಂಡಿಯಲ್ಲಿಯೇ ಹರಿಯಿತು. ಯುನೂಸ ತುಂಡುಗಳನ್ನು ಮೇಜಿನ ಮೇಲೆ ಹಿಂದಿನವುಗಳ ಪಕ್ಕಕ್ಕಿಟ್ಟು ಅಮ್ಮನ ಡಬ್ಬಿಯಿಂದ ಮತ್ತೆರಡು ಕೆಂಪು ಎಳೆ ತೆಗೆದ. ಒಂದನ್ನು ಮಡಚಿ ಕೊಂಡಿ ಮಾಡಿದ, ಇನ್ನೊಂದನ್ನು ಅದರೊಳಗೆ ತೂರಿಸಿ ಮಡಚಿದ, ತುದಿಗಳನ್ನು ಎರಡೂ ಕೈಯ ಬೆರಳುಗಳಿಗೆ ಸುತ್ತಿಕೊಂಡು ಎಳೆದ. ಇಳಕಲ್ಲ ಸೀರೆಯ ಒಡಲಿಗೂ ಸೆರಗಿಗೂ ನಡುವೆ ಇರುವುದು ಇದೇ. ಒಡಲಿನ ಉದ್ದಕ್ಕೆ ಹಾಸಿದ ಎಳೆಯ ಕೊಂಡಿಯೊಳಗೆ ಸೆರಗಿನ ಹಾಸಿನ ಎಳೆಯ ಕೊಂಡಿ. ತಾಯಿ ಮಗನಿಬ್ಬರಿಗೂ ಸಂಜೆ ನಡೆಯುವ ಸನ್ಮಾನ ಸಭೆಯಲ್ಲಿ ವೇದಿಕೆಯ ಮೇಲೆ ನಿಂತು ಹೀಗೆಯೇ ಎಳೆದು ತೋರಿಸಿ, ‘ನೋಡ್ರಿ, ಹರಿಯೂದಿಲ್ಲ, ನಮ್ಮ ಹಡಗಿನ್ಯಾಗೂ ಇದ ಐತಿ’ ಎನ್ನಬೇಕೆಂದು ಅವನು ನಿನ್ನೆ ಯೋಚಿಸಿದ್ದ. ಎದ್ದ ಕೂಡಲೇ ಒಮ್ಮೆ ತಾಲೀಮು ಮಾಡಿ ನೋಡೋಣವೆಂದು ಕೂತವನಿಗೆ ಈಗ ಚಹಾ ಆರಿ ಕೆನೆಗಟ್ಟಿದ್ದೂ ತಿಳಿದಿರಲಿಲ್ಲ. ಎಳೆ ತಡೆಯಿತು, ಇನ್ನೂ ತಡೆಯಿತು, ಟಪ್ಪೆಂದಿತು. ಅದೇ ಎಳೆಯ ಕೊಂಡಿಯನ್ನು ಪೆನ್ಸಿಲ್ಲಿಗೆ ಹಾಕಿ ಎಳೆದರೆ ಬೆರಳಿಗೆ ಬರೆ ಬಿದ್ದರೂ ಹರಿಯುತ್ತಿರಲಿಲ್ಲ. ಎಳೆಗೆ ಎಳೆಯೇ ಸಿಕ್ಕಿದಾಗ ಮಾತ್ರ ಅರ್ಧ ಬಲಕ್ಕೇ ಕೈಬಿಡುತ್ತಿತ್ತು.

ಮೇಜಿನ ಪರದೆಯ ಮೇಲೆ ಹಡಗು ತಣ್ಣಗೆ ನಿಂತಿತ್ತು. ಪಂದ್ಯಕ್ಕೆಂದೇ ಕಟ್ಟಿದ ಹಾಯಿಹಡಗು. ಎಂಜಿನ್ನಿನ ಹಂಗಿಲ್ಲದೆ ಗಾಳಿಯನ್ನೇ ತಿಂದು ಓಡುವಂಥದು. ಇಷ್ಟು ದೊಡ್ಡದಕ್ಕೆ ಎರಡು ಕಂಬ ನೆಡುವುದೇ ರೂಢಿ. ಭಾರ ಹಂಚಿಹೋಗುತ್ತದೆ, ಕಟ್ಟುವವನಿಗೆ ನಿದ್ದೆ ಬರುತ್ತದೆ. ಇದರ ಯಜಮಾನನಿಗೆ ಒಂದೇ ಕಂಬ ಬೇಕಿತ್ತು. ಒಂದೇ ಕಂಬ, ಅದೂ ಹುನಗುಂದದ ಮೊಬೈಲ್ ಟವರನ್ನು ನಾಚಿಸುವಷ್ಟು ಎತ್ತರದ್ದು, ಒಂದೇ ದೊಡ್ಡ ಹಾಯಿ, ಅದರ ಮುಂದೊಂದು ಮೂರು ಮೂಲೆಯ ಹಾಯಿ. ಹಡಗನ್ನು ಒಂದಿಷ್ಟು ಉದ್ದ ಮಾಡಿದರೆ ಭಾರ ಒಂದಿಷ್ಟೇ ಹೆಚ್ಚಿ ಸುಮ್ಮನಿರುವುದಿಲ್ಲ, ಹೌಹಾರಿಸುವಷ್ಟು ಹೆಚ್ಚುತ್ತದೆ. ಇದೆಲ್ಲ ಕಡೆಗೆ ಬಂದು ಬೀಳುವುದು ಕಂಬವನ್ನು ಹಿಂದಕ್ಕೆ ಜಗ್ಗಿ ಹಿಡಿಯುವ ಹಗ್ಗದ ಮೇಲೆ. ಆ ಹಗ್ಗದ ಕೆಳತುದಿಯನ್ನು ಹಡಗಿನ ಹಿಂಬದಿಯ ರಾಟೆಗೆ ಜೋಡಿಸುವ ಜಾಗದ ವಿನ್ಯಾಸ, ಊರಿನ ಮನೆಯಿಂದಲೇ ಕೆಲಸ ಮಾಡುವ ಯುನೂಸನ ಪಾಲಿಗೆ ಬಂದಿತ್ತು. ಅಲ್ಲಿ ಎಲ್ಲರೂ ಲೋಹದ ಬಳೆ ಹಾಕುತ್ತಾರೆ, ಹಗ್ಗ ಅದರ ಮೇಲೆ ಅಗಲವಾಗಿ ಬಾಗಲೆಂದು. ಅವನು ಬಳೆ ತೆಗೆದುಹಾಕಿದ್ದ. ಹಗ್ಗದ ಕೊಂಡಿಯೊಳಗೆ ನೇರವಾಗಿ ಹಗ್ಗದ ಕೊಂಡಿ. ಭಾರ ಕಡಿಮೆ, ಸದ್ದಿಲ್ಲ, ಸವೆಯುವ ಲೋಹವಿಲ್ಲ. ಪೋರ್ಚುಗಲ್ಲಿನ ಕಡಲ ಊರಿನಲ್ಲಿ ಕೂತ ಮುಖ್ಯ ವಿನ್ಯಾಸಕಾರ ಹೆನ್ರಿಕ್, ಗ್ರಾಮು ಗ್ರಾಮಿಗೂ ಜಗಳ ಕಾಯುವ ಮುದುಕ, ಆ ಚಿತ್ರವನ್ನು ಬಹಳ ಹೊತ್ತು ನೋಡಿ, ಇದನ್ನೆಲ್ಲಿ ಕಲಿತೆ ಎಂದು ಕೇಳಿದ್ದ. ನಮ್ಮದು ನೇಕಾರರ ಮನೆತನ, ಇನ್ನೂರು ವರ್ಷದಿಂದ, ಎಂದು ಯುನೂಸ ಹೇಳಿದ್ದ. ಅಪ್ಪ ನಜೀರಸಾಬ ಗ್ರಾನೈಟ್ ಕಲ್ಲಿನ ಲಾರಿ ಓಡಿಸಿ ಸತ್ತವನು. ಅಮ್ಮ ಬೇರೆಯವರ ಪಡಸಾಲೆಯಲ್ಲಿ ಕೂತು ಕೊಂಡಿ ಹಾಕಿದವಳು. ಮನೆಯಲ್ಲಿ ಎಂದೂ ಮಗ್ಗವೇ ಇರಲಿಲ್ಲ. ಆದರೆ ಮಾತು ಹೊರಬಿದ್ದಾಗ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ಹಿಂದಕ್ಕೆ ಕರೆಯಲು ಅವನಿಗೇ ಮನಸ್ಸಾಗಲಿಲ್ಲ. ಆ ಜೋಡಣೆಗೆ ಅಲ್ಲಿಯವರು ‘ಇಳಕಲ್’ ಎಂದೇ ಹೆಸರಿಟ್ಟರು.

ಬಾಗಿದ ಹಗ್ಗ ಬಲ ಕಳೆದುಕೊಳ್ಳುತ್ತದೆಂದು ಅವನು ಓದಿರಲಿಲ್ಲವೆಂದಲ್ಲ. ಬಾಗಲಕೋಟೆಯ ಕಾಲೇಜಿನಲ್ಲಿಯೂ, ಆಮೇಲೆ ಗಾಳಿಯಂತ್ರದ ರೆಕ್ಕೆ ಮಾಡುವ ಕಂಪನಿಯಲ್ಲಿಯೂ ಎಷ್ಟು ಸಲ ಓದಿದ್ದ, ಕಿರಿಯರಿಗೆ ಹೇಳಿಕೊಟ್ಟಿದ್ದ. ಲೆಕ್ಕದ ಹಾಳೆಯಲ್ಲಿ ಬಲದ ಆ ಕಡಿತಕ್ಕೆಂದೇ ಒಂದು ಚೌಕದ ಮನೆಯಿತ್ತು. ಅಲ್ಲಿಗೆ ಬಂದಾಗ ಅವನ ಕೈ ಏನನ್ನೂ ಕಳೆಯದೆ ಮುಂದೆ ಹೋಗಿತ್ತು, ಏಕೆಂದರೆ ಕೊಂಡಿ ಹರಿದದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸೀರೆ ಹರಿಯುತ್ತದೆ, ಸೆರಗು ಜೂಲಾಗುತ್ತದೆ, ಕೊಂಡಿ ಇದ್ದಲ್ಲಿಯೇ ಇರುತ್ತದೆ. ಪರೀಕ್ಷೆಗೆಂದು ಕೊಂಡಿಯನ್ನು ಯಂತ್ರದಲ್ಲಿ ಎಳೆಸಿದ್ದೂ ಆಯಿತು. ಎರಡು ಉಕ್ಕಿನ ಗೂಟಗಳ ನಡುವೆ ಹಾಕಿ ಎಳೆದರು, ಹೇಗೆ ಎಳೆಯಬೇಕೆಂದು ಬರೆದುಕೊಟ್ಟವನೂ ಅವನೇ. ಗೂಟಕ್ಕೆ ಅದು ತಡೆಯಿತು, ಪೆನ್ಸಿಲ್ಲಿಗೆ ಈ ರೇಷ್ಮೆ ತಡೆದ ಹಾಗೆ. ಅರ್ಧ ಬಲವೆಂದರೆ ಇವತ್ತು ಒಡನೆ ಹರಿಯಲೇಬೇಕೆಂದೇನೂ ಇಲ್ಲ. ಗಾಳಿ ಸಮನಾಗಿದ್ದರೆ ಉಳಿಯಬಹುದು. ಒಂದು ಅಲೆ ಎದ್ದು ಹಡಗು ಮುಗ್ಗರಿಸಿದರೆ ಉಳಿಯಲಿಕ್ಕಿಲ್ಲ. ಉಳಿಯಬಹುದು ಎನ್ನುವ ಆ ಒಂದು ಮಾತೇ ಬೆಳಗಿನಿಂದ ಅವನ ಕೈಯನ್ನು ಮತ್ತೆ ಮತ್ತೆ ದಾರದ ಡಬ್ಬಿಗೆ ಹಾಕಿಸಿತ್ತು. ಹರಿದೇ ಹರಿಯುತ್ತದೆಂದು ಗೊತ್ತಿದ್ದರೆ ಇಷ್ಟು ಹೊತ್ತಿಗೆ ಫೋನು ಮಾಡಿರುತ್ತಿದ್ದ.

ಫೋನು ಎದುರಿಗೇ ಇತ್ತು. ಸಂಜೆ ಸಭೆಯ ಹೊತ್ತಿಗೆ ಅಲ್ಲಿ ಹಡಗು ಮೊದಲ ಸಲ ಪೂರ್ತಿ ಹಾಯಿ ಬಿಚ್ಚಿ ಹೊರಡುತ್ತದೆ. ಅದನ್ನು ನೇಕಾರರ ಸಭಾಭವನದ ಗೋಡೆಯ ಮೇಲೆ ಎಲ್ಲರೂ ನೋಡಲೆಂದು ಏರ್ಪಾಡಾಗಿತ್ತು. ಹಡಗಿನಿಂದ ಮಾತನಾಡುವವಳು ಮಾರ್ತಾ. ಹಿಂದಿನ ಹಗ್ಗವನ್ನು ಬಿಗಿಯುವುದು, ಬಿಡುವುದು ಅವಳ ಕೆಲಸ. ಅವಳು ನಿಲ್ಲುವ ಜಾಗ ಆ ಕೊಂಡಿಯಿಂದ ಒಂದು ಮಾರು ದೂರವೂ ಇಲ್ಲ. ಹೋದ ತಿಂಗಳು ವಿಡಿಯೋದಲ್ಲಿ ಅವಳು ಕೊಂಡಿಯನ್ನು ಕೈಯಲ್ಲಿ ಹಿಡಿದು, ಇದರ ಪಕ್ಕದಲ್ಲಿ ನಾನು ದಿನವಿಡೀ ನಿಲ್ಲಬೇಕು, ನಂಬಬಹುದೋ ಎಂದು ಕೇಳಿದ್ದಳು. ಯುನೂಸ ನಕ್ಕಿದ್ದ. ನಮ್ಮ ಅಮ್ಮ ಇದರ ಮೇಲೆಯೇ ಒಂದು ಸಂಸಾರ ತೂಗಿಸಿದಳು ಎಂದಿದ್ದ. ಆ ನಗುವನ್ನು ನೆನೆದರೆ ಈಗ ಅವನ ಕಿವಿ ಬಿಸಿಯಾಗುತ್ತಿತ್ತು.

“ಯುನೂಸಾ, ಏನ್ ಮಾಡಾಕತ್ತಿ ಮ್ಯಾಲ?” ಕೆಳಗಿನಿಂದ ಅಮ್ಮ ಕೂಗಿದಳು. “ಅಮರಪ್ಪನವರ ಮನಿಗೆ ಬಿಡ್ತೇನಿ ಅಂದಿದ್ದಿ. ಆಗಲೇ ರತ್ನಾಬಾಯಿ ಎರಡ ಸಲ ಫೋನ್ ಮಾಡಿದ್ಲು.”

ಅವನು ಹರಿದ ದಾರಗಳನ್ನು ಅಂಗೈಯಲ್ಲಿ ಮುದ್ದೆ ಮಾಡಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಕಸದ ಬುಟ್ಟಿಗೆ ಹಾಕಿದರೆ ಅಮ್ಮ ನೋಡಿಯಾಳು ಎಂದುಕೊಂಡದ್ದು ಅವನಿಗೇ ಹೇಸಿಗೆಯೆನಿಸಿತು. ಕೆಳಗೆ ಅಮ್ಮ ಸುಗರಾ ಅಂಗಳದಲ್ಲಿ ಸಿದ್ಧಳಾಗಿ ನಿಂತಿದ್ದಳು. ಸಂಜೆಗೆಂದು ಇಸ್ತ್ರಿ ಮಾಡಿಟ್ಟ ಸೀರೆ ಹಗ್ಗದ ಮೇಲೆ ತೂಗುತ್ತಿತ್ತು. ಮನೆಯೊಳಗೆ ಅವರ ಮಾತು ಉರ್ದು. ಎಳೆ, ಹಾಸು, ಕೊಂಡಿಯ ಮಾತು ಬಂದರೆ, ಅಮರಪ್ಪನ ಮನೆಗೆ ಹೊರಟ ದಿನವಂತೂ, ಅಮ್ಮ ತನಗರಿವಿಲ್ಲದೆ ಕನ್ನಡಕ್ಕೆ ಹೊರಳುತ್ತಿದ್ದಳು. ಸ್ಕೂಟರಿನ ಹಿಂದೆ ಕೂತು ಅವಳು ಅವನ ಭುಜ ಹಿಡಿದುಕೊಂಡಳು. “ಸ್ಟೇಜಿನ ಮ್ಯಾಲ ನಾ ಏನೂ ಮಾತಾಡೂದಿಲ್ಲ ನೋಡು,” ಎಂದಳು. “ಕೂಡು ಅಂದ್ರ ಕೂಡ್ತೇನಿ, ಏಳು ಅಂದ್ರ ಏಳ್ತೇನಿ. ಮಾತು ನೀನ ಆಡಬೇಕು.” ಪವರ್‌ಲೂಮುಗಳ ಸದ್ದಿನ ನಡುವೆ ಹಾಯುತ್ತ, ಇಲ್ಲಿಯೇ ಗಾಡಿ ನಿಲ್ಲಿಸಿ ಹೇಳಿಬಿಡಲೇ ಎಂದು ಅವನಿಗನಿಸಿತು. ಏನೆಂದು ಹೇಳುವುದು? ಅಮ್ಮಾ, ಇವತ್ತು ನಿನ್ನನ್ನು ಕೂಡಿಸುವ ಕುರ್ಚಿಯ ಕಾಲು ಮುರಿದಿದೆ ಎಂದು? ಮುಂದೆ ಎಮ್ಮೆಯೊಂದು ಅಡ್ಡ ಬಂತು, ಅವನು ಬ್ರೇಕು ಹಾಕಿದ, ಹೇಳುವ ಹೊತ್ತು ದಾಟಿಹೋಯಿತು.

ನೇಕಾರ ಅಮರಪ್ಪನ ಮನೆಯ ಪಡಸಾಲೆ ಅವನಿಗೆ ಅಂಗೈಯಷ್ಟು ಗೊತ್ತು. ಬಾಗಿಲಿನ ಎಡಕ್ಕೆ, ಬೆಳಕು ಬೀಳುವ ಮೂಲೆಯಲ್ಲಿ ಅಮ್ಮ ಕೂರುತ್ತಿದ್ದಳು, ಅವನು ಅವಳ ಬೆನ್ನಿಗೆ ಆತು ಕೂತು ಲೆಕ್ಕ ಮಾಡುತ್ತಿದ್ದ. ಚಹಾ ಬಂದರೆ ಅವರಿಬ್ಬರ ಬಟ್ಟಲು ಗೋಡೆಯ ಗೂಡಿನಿಂದ ಬರುತ್ತಿತ್ತು, ಕುಡಿದ ಮೇಲೆ ಅಮ್ಮನೇ ತೊಳೆದು ಗೂಡಿನಲ್ಲಿಡುತ್ತಿದ್ದಳು. ಇವತ್ತು ಮನೆಯೊಡತಿ ರತ್ನಾಬಾಯಿ ಎಲ್ಲರಿಗೂ ಹೂವಿನ ಚಿತ್ರದ ಒಂದೇ ಥರದ ಕಪ್ಪು ತಂದಳು. ಸುಗರಾ ಕಪ್ಪನ್ನು ಎರಡೂ ಕೈಯಿಂದ ತೆಗೆದುಕೊಂಡು, ಕುಡಿದು, ಎಲ್ಲಿಡಬೇಕೆಂದು ತಿಳಿಯದೆ ಅಷ್ಟು ಹೊತ್ತು ಹಿಡಿದೇ ಕೂತಳು. ಅವಳ ಕಣ್ಣು ಒಮ್ಮೆ ಗೂಡಿನ ಕಡೆ ಹೋಗಿ ಬಂದದ್ದನ್ನು ಯುನೂಸ ಕಂಡ. ರತ್ನಾಬಾಯಿ ಬಂದು ಕಪ್ಪನ್ನು ಕೈಯಿಂದಲೇ ಇಸಿದುಕೊಂಡಳು.

“ಬಾರಪಾ ಹಡಗಿನ ಇಂಜಿನಿಯರ,” ಎಂದ ಅಮರಪ್ಪ. ಎಂಬತ್ತರ ಹತ್ತಿರದ ಮುದುಕ, ಸಂಜೆಯ ಸಭೆಯ ಅಧ್ಯಕ್ಷ, ಬೆಳಿಗ್ಗೆಯೇ ಗಡ್ಡ ಕೆರೆದುಕೊಂಡು ಕೂತಿದ್ದ. “ಆ ಹಡಗು ಖರೇನ ನಮ್ಮ ಕೊಂಡಿ ಮ್ಯಾಲ ನಿಂತೈತೇನೋ? ಪೇಪರಿನ್ಯಾಗ ಹಂಗ ಬಂದೈತಿ.”

“ಹೌದ್ರಿ,” ಎಂದ ಯುನೂಸ. ನಾಲಿಗೆ ತಾನಾಗಿ ಆಡಿತು.

“ನಮ್ಮ ಸುಶ್ಮಿತಾ ಎಲ್ಲಾ ನೋಡ್ಯಾಳ ಕಂಪ್ಯೂಟರಿನ್ಯಾಗ. ಒಂದ ಹಗ್ಗದ ಮ್ಯಾಲ ಎಷ್ಟ ಲಾರಿ ಭಾರ ಬೀಳ್ತೈತಿ ಅಂದಿ ಅವ್ವಿ?” ಮೊಮ್ಮಗಳು ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. ಬಾಗಲಕೋಟೆಯಲ್ಲಿ ಕಡೆಯ ವರ್ಷದ ಇಂಜಿನಿಯರಿಂಗು. ಸಂಜೆ ಗೋಡೆಯ ಮೇಲೆ ಚಿತ್ರ ಮೂಡಿಸುವ, ಇಲ್ಲಿಯ ಮಾತು ಹಡಗಿಗೆ ಮುಟ್ಟಿಸುವ ಹೊಣೆ ಅವಳದು. “ನಾಕು ಲಾರಿ ಅಂತ ಹಿಡೀರಿ ಅಜ್ಜಾ,” ಎಂದಳು. ಆಮೇಲೆ ಯುನೂಸನ ಕಡೆ ತಿರುಗಿ, “ಆದ್ರ ಅಲ್ಲೆ ಬಾಗು ಭಾಳ ಸಣ್ಣದಲ್ರಿ ಸರ್? ಅದನ್ನ ಹೆಂಗ ಸಂಬಾಳಿಸಿದ್ರಿ?” ಎಂದು ಕೇಳಿದಳು. ಕೇಳಿದ್ದು ಕಲಿಯುವ ಆಸೆಯಿಂದ, ಅವಳ ಮುಖದಲ್ಲಿ ಬೇರೇನೂ ಇರಲಿಲ್ಲ. ಅದೊಂದು ದೊಡ್ಡ ಕತೆ, ಪುರುಸೊತ್ತಿನಲ್ಲಿ ಹೇಳುತ್ತೇನೆ ಎಂದು ಯುನೂಸ ದೊಡ್ಡವರ ಹಾಗೆ ಹಲ್ಲು ಕಿರಿದ. ಆ ನಗು ಮಾರ್ತಾಳಿಗೆ ನಕ್ಕ ನಗುವೇ ಆಗಿತ್ತು, ಒಂದು ಕೂದಲೂ ಆಚೀಚೆ ಇಲ್ಲ.

ಸುಶ್ಮಿತಾಳ ಮದುವೆಯ ಸೀರೆಗೆ ಕೊಂಡಿ ಹಾಕಿಸುವುದಿತ್ತು. ಬೇರೆಯವರ ಕೈ ಬೇಡ, ಸುಗರಾಬಿಯೇ ಹಾಕಲಿ ಎಂದು ರತ್ನಾಬಾಯಿ ಹಟ ಹಿಡಿದಿದ್ದಳು. ಅಮ್ಮ ಮಗ್ಗದ ಮುಂದೆ ಕೂತಳು. ಒಡಲಿನ ಎಳೆಗಳ ಕೊಂಡಿಗಳು ಈಚೆಗೆ, ಸೆರಗಿನ ಕೆಂಪು ರೇಷ್ಮೆ ಆಚೆಗೆ. ಅವಳ ಬೆರಳು ಒಂದೊಂದನ್ನೇ ಎತ್ತಿ, ಒಳಗೆ ತೂರಿಸಿ, ಕೆಳಗೆ ಬಿಟ್ಟು ಮುಂದೆ ಸಾಗಿತು. ಅವಳು ಬೆರಳುಗಳನ್ನು ನೋಡುತ್ತಲೂ ಇರಲಿಲ್ಲ, ರತ್ನಾಬಾಯಿಯ ಜೊತೆ ಅಡುಗೆಯವರ ಬಗ್ಗೆ ಮಾತಾಡುತ್ತಿದ್ದಳು. ಯುನೂಸ ಕಂಬಕ್ಕೊರಗಿ ನೋಡಿದ. ಹುಟ್ಟಿದಾಗಿನಿಂದ ನೋಡಿದ್ದನ್ನು ಈಗ ಮೊದಲ ಸಲ ನೋಡಿದ. ಸಾವಿರಾರು ಕೊಂಡಿ, ಒಂದಕ್ಕೊಂದು ಒತ್ತಿ. ಮೇಲಿಂದ ಅಡ್ಡ ಎಳೆ ಬಂದು ಬಡಿದು ಕೂರುತ್ತದೆ, ಆಚೀಚೆಯ ಎಳೆಗಳ ಒತ್ತಡಕ್ಕೆ ಎಲ್ಲ ಹೂತುಹೋಗುತ್ತದೆ. ಆಮೇಲೆ ಯಾವ ಕೊಂಡಿಯ ಪಾಲಿಗೂ ಹೇಳಿಕೊಳ್ಳುವಷ್ಟು ಭಾರ ಬರುವುದೇ ಇಲ್ಲ. ಈ ಸಾವಿರದಲ್ಲಿ ಒಂದನ್ನು ಕಿತ್ತು, ಹಗ್ಗದಷ್ಟು ದಪ್ಪ ಮಾಡಿ, ನಾಲ್ಕು ಲಾರಿ ಭಾರವನ್ನು ಅದಕ್ಕೊಂದಕ್ಕೇ ನೇತುಹಾಕಿ, ಇದು ನಮ್ಮ ಮನೆತನದ ವಿದ್ಯೆ ಎಂದು ಅವನು ಊರೆಲ್ಲ ಹೇಳಿಕೊಂಡು ಬಂದಿದ್ದ. ಒಂದೇ ಕಂಬದ ಯಜಮಾನನನ್ನು ಹುಚ್ಚನೆಂದು ಹೆನ್ರಿಕ್ ಜೊತೆ ಸೇರಿ ನಕ್ಕಿದ್ದ ಬೇರೆ. ಅಮ್ಮ ತಲೆಯೆತ್ತಿ, “ಯಾಕೋ, ಮಾರಿ ಹಿಂಗ ಆಗೈತಿ? ನಾಷ್ಟಾ ಮಾಡಿಲ್ಲ ನೀನು,” ಎಂದಳು. ಹೊರಗೆ ಸ್ವಲ್ಪ ಕೆಲಸವಿದೆಯೆಂದು ಹೇಳಿ ಅವನು ಹೊರಬಿದ್ದ.

ಕೆಲಸವೇನೂ ಇರಲಿಲ್ಲ. ಸ್ಕೂಟರನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹೊರಟು ನಿಂತಿದ್ದ ಹುನಗುಂದದ ಬಸ್ಸು ಹತ್ತಿದ. ಕಿಟಕಿಯ ಹೊರಗೆ ಗ್ರಾನೈಟಿನ ಕೆಂಪು ಚಪ್ಪಡಿಗಳು, ಸಜ್ಜೆಯ ಹೊಲ, ಮತ್ತೆ ಚಪ್ಪಡಿಗಳು. ಫೋನು ತೆಗೆದು ಹೆನ್ರಿಕ್‌ನಿಗೆ ಬರೆದ. ನನ್ನ ಲೆಕ್ಕದಲ್ಲೊಂದು ಸಣ್ಣ ಅನುಮಾನವಿದೆ. ಸಣ್ಣ ಎಂಬುದನ್ನು ಅಳಿಸಿದ. ಅನುಮಾನ ಎಂಬುದನ್ನೂ ಅಳಿಸಿ ತಪ್ಪು ಎಂದು ಬರೆದ. ಬರೆದದ್ದನ್ನು ಒಮ್ಮೆ ಓದಿ ಎಲ್ಲವನ್ನೂ ಅಳಿಸಿದ. ಮತ್ತೆ ಬರೆದ: ಇವತ್ತು ಹಿಂದಿನ ಹಗ್ಗದ ಮೇಲೆ ಪೂರ್ತಿ ಭಾರ ಬೇಡ, ಕಾರಣ ಆಮೇಲೆ ಹೇಳುತ್ತೇನೆ. ಕಾರಣ ಕೇಳದೆ ಬಿಡುವ ಮನುಷ್ಯನೇ ಹೆನ್ರಿಕ್? ಕೇಳಿದರೆ ಹೇಳಬೇಕು, ಹೇಳಿದರೆ ಪ್ರಯಾಣ ನಿಲ್ಲುತ್ತದೆ, ಗೋಡೆಯ ಮೇಲೆ ಚಿತ್ರ ಮೂಡುವುದಿಲ್ಲ, ಅಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಖಾಲಿ ಗೋಡೆಯ ಮುಂದೆ ಕೂರಬೇಕಾಗುತ್ತದೆ. ಅಮ್ಮನಿಗಾಗಿ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಕೂಡಲೇ ಸುಳ್ಳೆಂದು ಗೊತ್ತಾಯಿತು. ಅಮ್ಮನನ್ನು ಮುಂದಿಟ್ಟುಕೊಂಡು ಅವಳ ಹಿಂದೆ ಬಚ್ಚಿಟ್ಟುಕೊಳ್ಳುವುದು ಅವನಿಗೆ ಪಡಸಾಲೆಯ ಕಾಲದಿಂದಲೂ ರೂಢಿಯಾಗಿತ್ತು.

ಹುನಗುಂದದಲ್ಲಿ ಇಳಿದು, ಕೋರ್ಟಿಗೆ ಬಂದವರ ನಡುವೆ ನಿಂತು ಚಹಾ ಕುಡಿದ. ಕರಿ ಕೋಟಿನ ವಕೀಲನೊಬ್ಬ ತನ್ನ ಕಕ್ಷಿದಾರನಿಗೆ, “ನೀ ಬಾಯಿ ಬಿಡಬ್ಯಾಡ, ಕೇಳಿದ್ರ ಅಷ್ಟ ಹೇಳು,” ಎನ್ನುತ್ತಿದ್ದ. ನೆಟ್‌ವರ್ಕ್ ಇರಲಿಲ್ಲವೆಂದು ಆಮೇಲೆ ಹೇಳಿಕೊಳ್ಳೋಣವೆಂದರೆ ಫೋನಿನ ನೆತ್ತಿಯ ಮೇಲೆ ಗೆರೆಗಳೆಲ್ಲ ತುಂಬಿ ನಿಂತಿದ್ದವು. ಅವನು ಈ ಹಡಗನ್ನು ಒಮ್ಮೆ ಮಾತ್ರ ಕಣ್ಣಾರೆ ಕಂಡಿದ್ದ, ಕಾರ್ಖಾನೆಯೊಳಗೆ, ಕಂಬವಿಲ್ಲದೆ, ಬೋರಲು ಮಲಗಿದ್ದಾಗ. ಹಾಯಿ ಬಿಚ್ಚಿದ ಯಾವ ಹಡಗಿನ ಮೇಲೂ ಅವನು ಕಾಲಿಟ್ಟಿರಲಿಲ್ಲ. ಅವನು ನಿಂತು ನೋಡಿ ಬಲ್ಲ ದೊಡ್ಡ ನೀರೆಂದರೆ ಹಳೆಯ ಬಾಗಲಕೋಟೆಯ ಓಣಿಗಳ ಮೇಲೆ ನಿಂತ ಹಿನ್ನೀರು. ಕಾಲೇಜಿನ ದಿನಗಳಲ್ಲಿ ಸೇತುವೆಯ ಮೇಲೆ ನಿಂತು ನೋಡುತ್ತಿದ್ದ. ಗಾಳಿ ಬೀಸಿದರೆ ನೀರಿಗೆ ಮುಳ್ಳೇಳುತ್ತಿತ್ತು. ಗಾಳಿಯೆಂದರೆ ಅವನಿಗೆ ಹಾಳೆಯ ಮೇಲಿನ ಬಾಣ, ಭಾರವೆಂದರೆ ಬಾಣದ ಪಕ್ಕದ ಅಂಕಿ. ಆ ಅಂಕಿಯ ಪಕ್ಕದಲ್ಲಿ ಒಬ್ಬಳು ಹೆಂಗಸು ನಿಂತಿರುತ್ತಾಳೆ, ಅವಳಿಗೆ ಮೊಣಕೈಯ ಮೇಲೊಂದು ಹಳೆಯ ಹೊಲಿಗೆಯ ಗುರುತಿದೆ, ನಗುವಾಗ ಕಣ್ಣು ಪೂರಾ ಮುಚ್ಚುತ್ತಾಳೆ. ಇದನ್ನು ಬರೆಯಲು ಹಾಳೆಯಲ್ಲಿ ಮನೆಯಿರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿಯೂ ಅವನು ಬರೆದ, ಅಳಿಸಿದ. ಇಳಕಲ್ಲು ಬಂದೇಬಿಟ್ಟಿತು.

ಸಭಾಭವನದಲ್ಲಿ ಜನ ಕಿಕ್ಕಿರಿದಿದ್ದರು. ಶಾಲು, ಹಾರ, ಸೇಬು ಮೋಸಂಬಿ ಜೋಡಿಸಿದ ಬುಟ್ಟಿ. ವೇದಿಕೆಯ ಮೇಲೆ ಸುಗರಾಳನ್ನು ನಡುವಿನ ಕುರ್ಚಿಯಲ್ಲಿ, ಯುನೂಸನನ್ನು ಅವಳ ಪಕ್ಕದಲ್ಲಿ ಕೂಡಿಸಿದರು. ಅವಳು ಕುರ್ಚಿಯ ತುದಿಗೆ ಕೂತು, ಸೆರಗು ತಲೆಯ ಮೇಲೆ ಎಳೆದುಕೊಂಡು, ಯಾರು ನಮಸ್ಕಾರ ಮಾಡಿದರೂ ಅರ್ಧ ಏಳುತ್ತಿದ್ದಳು. ಅಮರಪ್ಪ ತನ್ನ ಕೈಯಿಂದಲೇ ಅವಳಿಗೆ ಶಾಲು ಹೊದಿಸಿದ. ಅವಳ ಮುಖ ಹಾಗೆ ಅರಳಿದ್ದನ್ನು ಯುನೂಸ ಎಂದೂ ಕಂಡಿರಲಿಲ್ಲ, ಕಂಡು ಅವನಿಗೆ ಅಳು ಬಂತು. ಮುಗಿಯಲಿ, ಈ ಒಂದು ಗಂಟೆ ಸುಸೂತ್ರ ಮುಗಿಯಲಿ, ಆಮೇಲೆ ಎಲ್ಲ ಹೇಳುತ್ತೇನೆ ಎಂದು ಯಾರಿಗೋ ಬೇಡಿಕೊಂಡ. ಅಷ್ಟರಲ್ಲಿ ದೀಪ ಆರಿಸಿದರು. ಗೋಡೆಯ ತುಂಬ ಕಡಲು ಬಂತು.

ಜನ ಉಸಿರು ಹಿಡಿದು ನೋಡಿದರು. ಹಡಗು ಒಂದು ಮಗ್ಗುಲಿಗೆ ಪೂರಾ ವಾಲಿ ಓಡುತ್ತಿತ್ತು, ಬಿಳಿ ನೀರು ಅಂಚನ್ನು ಉಜ್ಜಿ ಹೋಗುತ್ತಿತ್ತು, ಕಂಬ ಗೋಡೆಯ ಚೌಕಟ್ಟಿನಲ್ಲಿ ಹಿಡಿಸದೆ ಮೇಲೆಲ್ಲೋ ಮಾಯವಾಗಿತ್ತು. ಅಂಕಿಗಳೆಲ್ಲ ಒಮ್ಮೆಲೇ ಜೀವ ಬಂದು ಎದ್ದು ನಿಂತಂತೆ ಯುನೂಸನಿಗೆ ದಿಗಿಲಾಯಿತು. ಇದು ಇಷ್ಟು ಸದ್ದು ಮಾಡುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಆಮೇಲೆ ಮಾರ್ತಾಳ ಮುಖ ಬಂತು, ಒದ್ದೆಯಾಗಿ, ನಗುತ್ತ. ನಮಸ್ಕಾರ ಎಂದು ಕನ್ನಡದಲ್ಲಿ ಅಂದಳು, ಯಾರೋ ಕಲಿಸಿದ್ದರು. ಭವನ ಚಪ್ಪಾಳೆಯಿಂದ ನಡುಗಿತು. ನಿಮಗೆ ನಿಮ್ಮ ಕೊಂಡಿ ತೋರಿಸುತ್ತೇನೆ ಎಂದು ಅವಳು ಫೋನು ತಿರುಗಿಸಿದಳು. ಹಗ್ಗ ಕಬ್ಬಿಣದ ಸರಳಿನ ಹಾಗೆ ಬಿಗಿದು ನಿಂತಿತ್ತು, ಅದರ ತುದಿಯಲ್ಲಿ ಕೊಂಡಿಯೊಳಗೆ ಕೊಂಡಿ. ಹಡಗು ಅಲೆಯೊಂದನ್ನು ಹತ್ತಿ ದಬ್ಬನೆ ಇಳಿಯಿತು. ಕೊಂಡಿ ಇದ್ದಕ್ಕಿದ್ದಂತೆ ಸಣ್ಣದಾಗಿ, ಮತ್ತೆ ಬಿಚ್ಚಿಕೊಂಡದ್ದನ್ನು ಆ ಕತ್ತಲ ಭವನದಲ್ಲಿ ಅರಿತವನು ಅವನೊಬ್ಬನೇ. ಹೊರಗಿನ ನೂಲಿನ ಹೊದಿಕೆ ಬಾಗಿನಲ್ಲಿ ನಯ ಕಳೆದುಕೊಂಡು ಜೂಲೆದ್ದಿತ್ತು. ಮಾರ್ತಾಳ ಇನ್ನೊಂದು ಕೈ ಅದರ ಮೇಲೆಯೇ ಇತ್ತು, ಕರುವಿನ ಬೆನ್ನು ಸವರುವ ಹಾಗೆ ಸವರುತ್ತಿತ್ತು.

ಅವನು ಯಾವಾಗ ಎದ್ದನೋ, ನಿರೂಪಕನ ಕೈಯಿಂದ ಮೈಕು ಯಾವಾಗ ಕಸಿದುಕೊಂಡನೋ ಅವನಿಗೆ ತಿಳಿಯಲಿಲ್ಲ. ಇಂಗ್ಲಿಷಿನಲ್ಲಿ, ಗಾಳಿಯ ಸದ್ದನ್ನು ಮೀರಿಸುವಷ್ಟು ಗಟ್ಟಿಯಾಗಿ, ಒಂದೇ ಉಸಿರಿಗೆ ಹೇಳಿದ: “ಮಾರ್ತಾ, ಕೈ ತೆಗಿ. ಅಲ್ಲಿಂದ ಸರಿ. ಎಲ್ಲರನ್ನೂ ಸರಿಸು. ಹಾಯಿ ಸಡಿಲಿಸಿ ಹಡಗನ್ನು ನೆಟ್ಟಗೆ ನಿಲ್ಲಿಸಿರಿ. ಕೊಂಡಿಯೇ ತಪ್ಪು. ಅದಕ್ಕೆ ಅರ್ಧ ಬಲವೂ ಇಲ್ಲ. ಲೆಕ್ಕ ನನ್ನದು, ತಪ್ಪು ನನ್ನದು, ಬೆಳಿಗ್ಗೆಯಿಂದ ನನಗೆ ಗೊತ್ತಿತ್ತು.” ಮಾರ್ತಾ ಫೋನನ್ನು ಮತ್ತೆ ತನ್ನ ಕಡೆ ತಿರುಗಿಸಿ ಒಂದು ಗಳಿಗೆ ಅವನನ್ನೇ ನೋಡಿದಳು. ನಗು ಅಳಿಯಲು ಅಷ್ಟು ಹೊತ್ತು ಹಿಡಿಯಿತು. ಆಮೇಲೆ ಅವಳು ತಿರುಗಿ ಏನೋ ಕೂಗಿದಳು, ಫೋನು ಎಲ್ಲೋ ಬಿತ್ತು, ಗೋಡೆಯ ಮೇಲೆ ಬರೀ ಆಕಾಶ ಕಂಡಿತು. ಆ ಆಕಾಶದೊಳಕ್ಕೆ ಹಾಯಿಯ ಅಂಚು ಪಟಪಟ ಬಡಿಯುತ್ತ ಬಂತು, ಕಂಬ ಮೆಲ್ಲಗೆ ನೆಟ್ಟಗಾಯಿತು. ಮುರಿಯಲಿಲ್ಲ. ಹೆಂಗಸೊಬ್ಬಳು ಏದುಸಿರು ಬಿಡುವುದು ಕೇಳಿಸಿತು, ಅದು ಮಾರ್ತಾಳೇ ಇರಬೇಕು. ಸಂಪರ್ಕ ಕಡಿಯಿತು.

ದೀಪ ಹತ್ತಿತು. ಭವನಕ್ಕೆ ಭವನವೇ ಚಪ್ಪಾಳೆ ತಟ್ಟುತ್ತಿತ್ತು. ನಮ್ಮ ಊರಿನ ಹುಡುಗ ಇಲ್ಲಿ ಅಪ್ಪಣೆ ಕೊಟ್ಟರೆ ಅಲ್ಲಿ ಕಡಲಿನ ಮೇಲೆ ಹಡಗು ನಿಲ್ಲುತ್ತದೆ. ನಿಂತು ಹಾಯಿ ಬಡಿದು ಸಲಾಮು ಮಾಡುತ್ತದೆ. ಇದಕ್ಕಿಂತ ಏನು ಬೇಕು? ಅಮರಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ. ಇಂಗ್ಲಿಷು ಬಲ್ಲವರು ನಾಲ್ಕಾರು ಜನ ಇದ್ದರೂ ಆ ಗದ್ದಲದಲ್ಲಿ ಯಾರ ಕಿವಿಗೂ ಪೂರ್ತಿ ಬಿದ್ದಂತಿರಲಿಲ್ಲ. ಒಬ್ಬಳನ್ನು ಬಿಟ್ಟು. ಲ್ಯಾಪ್‌ಟಾಪಿನ ಮುಂದೆ ಕೂತ ಸುಶ್ಮಿತಾ ಕೀಲಿಗಳ ಮೇಲೆ ಕೈ ಹಾಗೇ ಇಟ್ಟು ಅವನನ್ನೇ ನೋಡುತ್ತಿದ್ದಳು. ಅವಳು ಬಾಯಿ ಬಿಡಲಿಕ್ಕಿಲ್ಲ. ಮೈಕು ನಿರೂಪಕನಿಗೆ ಕೊಟ್ಟು, ಹಾರ ಹಾಕಿಸಿಕೊಂಡು, ಮನೆಗೆ ಹೋಗಿಬಿಡಬಹುದು. ಹೆನ್ರಿಕ್‌ನ ಸಿಟ್ಟು, ಕೆಲಸ ಹೋಗುವುದು, ಎಲ್ಲವೂ ದೂರದ ಊರಿನಲ್ಲಿ, ದೂರದ ಭಾಷೆಯಲ್ಲಿ ನಡೆದುಹೋಗುತ್ತದೆ. ಇಲ್ಲಿ ಅವನ ಸುದ್ದಿ ಬಂದ ಪೇಪರಿನ ತುಂಡು ಮನೆಯ ಗೋಡೆಯ ಮೇಲೆ ಅಂಟಿಕೊಂಡೇ ಇರುತ್ತದೆ. ಅವನಿಗೆ ಅಂಥ ನೆಮ್ಮದಿ ಬೆಳಗಿನಿಂದ ಸಿಕ್ಕಿರಲಿಲ್ಲ. ನೆಮ್ಮದಿ ಸಿಕ್ಕಿದ್ದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಸುಗರಾ ಅವನ ಅಂಗಿಯ ಚುಂಗು ಹಿಡಿದೆಳೆದಳು. ಅವಳು ಚಪ್ಪಾಳೆ ತಟ್ಟಿರಲಿಲ್ಲ. ಏನಂದೆ ಆ ಹುಡುಗಿಗೆ ಎಂದು ಮನೆಯ ಮಾತಿನಲ್ಲಿ ಕೇಳಿದಳು. ಅವಳು ಯಾಕೆ ಹಾಗೆ ಹೆದರಿದಳು?

ಅವನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದ. ಉರ್ದುವಿನಲ್ಲಿ ಅದು ಇನ್ನೂ ಚಿಕ್ಕದಾಯಿತು. ನಾನು ಮಾಡಿದ್ದು ಹರಿಯುವಂತಿತ್ತು, ಅವಳು ಅದರ ಪಕ್ಕದಲ್ಲೇ ನಿಂತಿದ್ದಳು, ನಾನು ಬೆಳಿಗ್ಗೆಯಿಂದ ಸುಮ್ಮನಿದ್ದೆ.

ಸುಗರಾ ಅವನ ಮುಖವನ್ನೊಮ್ಮೆ ನೋಡಿದಳು, ಕೆಳಗೆ ಚಪ್ಪಾಳೆ ತಟ್ಟುವವರನ್ನೊಮ್ಮೆ ನೋಡಿದಳು. ನಿರೂಪಕ ಈಗ ತಾಯಿಯವರು ಎರಡು ಮಾತಾಡಬೇಕೆಂದು ಹೇಳುತ್ತಿದ್ದ. ಅವಳು ಯುನೂಸನ ಕೈಯಲ್ಲಿದ್ದ ಮೈಕನ್ನು ಮುಟ್ಟಿ, ಅದನ್ನು ಅವನ ಬಾಯಿಯ ಹತ್ತಿರಕ್ಕೆ ಸರಿಸಿದಳು. “ಇವರಿಗೂ ಹೇಳು,” ಎಂದಳು, ಕನ್ನಡದಲ್ಲಿ. ಮೈಕಿನಲ್ಲಿ ಅದು ಭವನಕ್ಕೆಲ್ಲ ಕೇಳಿಸಿತು. ಮುದುಕಿಗೆ ನಾಚಿಕೆಯೆಂದು ಜನ ಪ್ರೀತಿಯಿಂದ ನಕ್ಕರು.

ಇಂಗ್ಲಿಷಿನಲ್ಲಿ ಸರಾಗವಾಗಿ ಉದುರಿದ ಮಾತನ್ನು ಈಗ ಒಂದೊಂದಾಗಿ ಎತ್ತಿ ಹೊರಗಿಡಬೇಕಾಗಿತ್ತು. ಯುನೂಸ ಜೇಬಿಗೆ ಕೈ ಹಾಕಿದ, ಹರಿದ ದಾರಗಳ ಮುದ್ದೆ ಬೆರಳಿಗೆ ತಾಕಿತು. ಅದನ್ನು ಹೊರಗೆ ತೆಗೆದು ತೋರಿಸಿದ. ಹಿಂದಿನ ಸಾಲಿನವರಿಗೆ ಅದು ಏನೆಂದು ಕಂಡಿರಲಿಕ್ಕಿಲ್ಲ.

“ಆ ಹಡಗಿನ್ಯಾಗ ಇರೂದು ನಿಮ್ಮ ಕೊಂಡಿ ಅಲ್ರಿ,” ಎಂದ. “ನಿಮ್ಮದು ಹರಿಯೂದಿಲ್ಲ. ನನ್ನದು ಹ‍ರೀತಿತ್ತು. ಹರಿದಿದ್ರ ಆ ಹೆಣ್ಣಮಗಳು ಸಾಯ್ತಿದ್ಲು. ನನಗ ಗೊತ್ತಿದ್ದೂ ನಾ ಸುಮ್ಮನ ಇಲ್ಲಿ ಬಂದು ಸನ್ಮಾನಕ್ಕ ಕುಂತೆ. ಅದಕ್ಕ ಹಡಗು ನಿಲ್ಲಿಸು ಅಂದೆ.”

ಮುಂದಿನ ಸಾಲಿನ ಕೈಗಳು ಮೊದಲು ನಿಂತವು. ಅಮರಪ್ಪ ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ, ಮತ್ತೆ ತೆಗೆದ. ತೀರ ಹಿಂದೆ, ಬಾಗಿಲ ಬಳಿ ಒಬ್ಬ ಇನ್ನೂ ಚಪ್ಪಾಳೆ ತಟ್ಟುತ್ತಿದ್ದ; ಪಕ್ಕದವನು ಮೊಣಕೈಯಿಂದ ತಿವಿದ ಮೇಲೆ ಅವನೂ ನಿಲ್ಲಿಸಿದ. ಯುನೂಸನಿಗೆ ಎಲ್ಲಿ ಹೋಗಬೇಕೆಂದು ತಿಳಿಯಲಿಲ್ಲ. ವೇದಿಕೆಯಿಂದ ಇಳಿಯುವ ಮೆಟ್ಟಿಲು ಜನರ ನಡುವೆಯೇ ಇತ್ತು. ಅವನ ಕುರ್ಚಿಯ ಮೇಲೆ ಯಾರೋ ಹಣ್ಣಿನ ಬುಟ್ಟಿ ಇಟ್ಟಿದ್ದರು. ಸುಗರಾ ತನ್ನ ಹೆಗಲ ಮೇಲಿನ ಶಾಲನ್ನು ತೆಗೆದು ಅಮರಪ್ಪನ ಮುಂದಿನ ಮೇಜಿನ ಮೇಲಿಟ್ಟಳು. ಆಮೇಲೆ ಆ ಬುಟ್ಟಿಯನ್ನೆತ್ತಿ ಕೆಳಗಿಟ್ಟು, ಕುರ್ಚಿಯನ್ನು ಸೆರಗಿನಿಂದ ಒರೆಸಿ, ಮಗನಿಗೆ ಕೂರಲು ಜಾಗ ಮಾಡಿದಳು.